ದೊಮ್ಮಲೂರಿನ ಸುಂಕ: ಗುಡಿಯಿಂದ ಕಚೇರಿಯವರೆಗೆ

ನನ್ನ ಅಕ್ಕನ ಮಗಳು ಇಂದಿರಾನಗರದಲ್ಲಿ ಪಿ.ಜಿ.ಯಲ್ಲಿ ಇದ್ದುಕೊಂಡು ಎಸ್‌ಎಸ್‌ಸಿಯ ಸಿಜಿಎಲ್ ಪರೀಕ್ಷೆಗೆ ಓದುತ್ತಿದ್ದಾಳೆ. ಜಿಎಸ್‌ಟಿ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಬೇಕು ಅನ್ನೋದು ಅವಳ ಆಸೆ. ಮೊದಲ ಹಂತದಲ್ಲಿ ಒಂದು ಗಂಟೆಗೆ ನೂರು ಪ್ರಶ್ನೆ, ಆಮೇಲೆ ಎರಡನೇ ಹಂತ, ಇನ್ಸ್‌ಪೆಕ್ಟರ್ ಹುದ್ದೆಗಾದರೆ ನಡಿಗೆ ಮತ್ತು ಸೈಕಲ್ ಪರೀಕ್ಷೆ ಬೇರೆ. ಹೆಣ್ಣುಮಕ್ಕಳು 20 ನಿಮಿಷದಲ್ಲಿ ಒಂದು ಕಿಲೋಮೀಟರ್ ನಡೆಯಬೇಕು, 25 ನಿಮಿಷದಲ್ಲಿ ಮೂರು ಕಿಲೋಮೀಟರ್ ಸೈಕಲ್ ತುಳಿಯಬೇಕು. ಕಳೆದ ಸಲ ಎರಡನೇ ಹಂತದಲ್ಲಿ ಕೈತಪ್ಪಿತು. ಮನೆಯಲ್ಲಿ ಸಾಕು ಅಂತಿದ್ದಾರೆ. ಒಂದು ಭಾನುವಾರ ಫೋನ್ ಮಾಡಿ ಕೇಳಿದಳು: "ಮಾಮ, ನಿಜ ಹೇಳಿ. ಈ ಕೆಲಸದಲ್ಲಿ ಯಾರಾದ್ರೂ ನೆಟ್ಟಗೆ ಉಳೀತಾರಾ?"

ನಾನೂ ಒಂದು ತಪಾಸಣಾ ಇಲಾಖೆಯಲ್ಲಿದ್ದು ನಿವೃತ್ತನಾದವನು. ಯಾವ ಇಲಾಖೆ ಅನ್ನೋದು ಇಲ್ಲಿ ಬೇಡ. ಥಟ್ಟನೆ ಉತ್ತರ ಬರಲಿಲ್ಲ. "ದೊಮ್ಮಲೂರಿಗೆ ಬಾ, ಚೊಕ್ಕನಾಥನ ಗುಡಿ ಹತ್ರ ಸಿಗೋಣ" ಅಂದೆ.

ಆ ಗುಡಿ ಈ ಬ್ಲಾಗಿನ ಓದುಗರಿಗೆ ಹೊಸದಲ್ಲ. ಚೋಳ, ಹೊಯ್ಸಳ, ವಿಜಯನಗರ ಮೂವರ ಕಾಲವನ್ನೂ ಕಂಡ ಜಾಗ. ತಮಿಳು ಶಾಸನಗಳೇ ಹೆಚ್ಚು. ಒಂದರಲ್ಲಿ ಅಳಗಿಯಾರ್ ಎಂಬುವರು ಬಾಗಿಲವಾಡದ ಎರಡು ಕಂಬ ಕೊಟ್ಟ ಮಾತಿದೆ, ಇನ್ನೊಂದರಲ್ಲಿ ಜಲಪಳ್ಳಿಯ ಭೂಮಿ ಮತ್ತು ವಿಣ್ಣಮಂಗಲದ ಕೆರೆಯ ಪ್ರಸ್ತಾಪ. ಊರಿಗೆ ದೇಶಿಮಾಣಿಕ್ಕಪಟ್ಟಣಂ ಎಂಬ ಹೆಸರೂ ಇತ್ತು. 'ದೇಶಿ' ಅಂದರೆ ವರ್ತಕರ ಸಂಘ, 'ಪಟ್ಟಣ' ಅಂದರೆ ವ್ಯಾಪಾರದ ಊರು. ವ್ಯಾಪಾರ ಇದ್ದ ಮೇಲೆ ಸುಂಕ ಇರಲೇಬೇಕಲ್ಲ. ಮುಂದೆ ವಿಜಯನಗರದ ದೇವರಾಯನ ಕಾಲದಲ್ಲಿ ಇಲ್ಲಿಯ ಸುಂಕದ ಆದಾಯವನ್ನು ದೇವರಿಗೆ ಬಿಟ್ಟಿರುವುದು ಶಾಸನದಲ್ಲಿದೆ. ಇವೆಲ್ಲ 1905ರಲ್ಲಿ ಪ್ರಕಟವಾದ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೇ ಸಂಪುಟದಲ್ಲಿ ಸಿಗುತ್ತವೆ.

ಇಲ್ಲೊಂದು ವಿಷಯ ಗಮನಿಸಬೇಕು. ಸುಂಕ ಬಿಟ್ಟರು ಅಂದಾಗ ವರ್ತಕನಿಗೆ ಮಾಫಿ ಆಯಿತು ಅಂತ ಬಹಳ ಜನ ತಿಳಿಯುತ್ತಾರೆ. ಹಾಗೇನಿಲ್ಲ. ಎತ್ತಿನ ಮೇಲೆ ಸರಕು ಹೇರಿಕೊಂಡು ಬಂದವನು ಕೊಡುವುದನ್ನು ಕೊಡಲೇಬೇಕು. ಹಣ ಅರಮನೆಗೆ ಹೋಗುವ ಬದಲು ಗುಡಿಗೆ ಹೋಗುತ್ತದೆ, ಅಷ್ಟೆ. ಅಂದರೆ ಲೆಕ್ಕ ಬರೆಯುವವನು, ಹೇರು ಎಣಿಸುವವನು ದಾನದ ಮರುದಿನವೂ ಕಟ್ಟೆಯ ಮೇಲೆ ಕೂತೇ ಇರುತ್ತಾನೆ. ಮಾಗಡಿ ರಸ್ತೆಯ ಸುಂಕದಕಟ್ಟೆ ಇವತ್ತಿಗೂ ಆ ಹೆಸರನ್ನು ಬಿಟ್ಟುಕೊಟ್ಟಿಲ್ಲ.

ಕನ್ನಡ ಶಾಸನಗಳಲ್ಲಿ ಈ ಅಧಿಕಾರಿಗೆ ಸುಂಕವೆರ್ಗಡೆ ಎಂಬ ಹೆಸರಿದೆ. ಸುಂಕದ ಹೆಗ್ಗಡೆ ಅಂತ ಓದಿಕೊಳ್ಳಿ. ಅವನ ಕೈಲಿದ್ದ ಬಾಬ್ತುಗಳೂ ಸಾಲುಸಾಲಾಗಿ ಬರುತ್ತವೆ: ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ. ಆದರೆ ಅವನು ಕಲ್ಲಿನಲ್ಲಿ ಕಾಣಿಸಿಕೊಳ್ಳುವುದು ಬಹುಪಾಲು ದಾನ ಕೊಟ್ಟ ದಿನ ಮಾತ್ರ. ದಿನಾ ಬೆಳಿಗ್ಗೆ ಏನು ನೋಡುತ್ತಿದ್ದ, ಯಾರ ಮೂಟೆ ಬಿಚ್ಚಿಸಿದ, ಯಾರನ್ನು ಹಾಗೇ ಬಿಟ್ಟ, ಇದೆಲ್ಲ ಓಲೆಯ ಮೇಲಿತ್ತು. ಓಲೆ ಹೋಯಿತು.

ಆ ದಿನಚರಿಯ ಅಂದಾಜು ಬೇಕಾದರೆ ಅರ್ಥಶಾಸ್ತ್ರಕ್ಕೆ ಹೋಗಬೇಕು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಅದರ ಓಲೆಪ್ರತಿಯನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ನಮ್ಮ ಆರ್. ಶಾಮಶಾಸ್ತ್ರಿಗಳೇ. ಅದರಲ್ಲಿ ಶುಲ್ಕಾಧ್ಯಕ್ಷ ಊರ ಬಾಗಿಲ ಬಳಿ ಬಾವುಟ ನೆಟ್ಟು ಕೂರುತ್ತಾನೆ. ಅವನ ಜೊತೆಯ ನಾಲ್ಕೈದು ಜನ ವರ್ತಕ ಯಾರು, ಎಲ್ಲಿಂದ ಬಂದ, ಸರಕು ಎಷ್ಟು, ಮೊದಲ ಮುದ್ರೆ ಎಲ್ಲಿ ಬಿತ್ತು ಎಂದು ಬರೆದುಕೊಳ್ಳುತ್ತಾರೆ. 2018ರ ಏಪ್ರಿಲ್‌ನಲ್ಲಿ ಶುರುವಾದ ಇ-ವೇ ಬಿಲ್ ಕೂಡ ಹೆಚ್ಚುಕಡಿಮೆ ಇವೇ ಪ್ರಶ್ನೆ ಕೇಳುತ್ತದೆ. ತೂಕ-ಅಳತೆಗೆ ಬೇರೆ ಅಧ್ಯಕ್ಷ. ನಾಲ್ಕು ತಿಂಗಳಿಗೊಮ್ಮೆ ಬೊಟ್ಟುಗಳಿಗೆ ಮುದ್ರೆ ಹಾಕಿಸಿಕೊಳ್ಳದಿದ್ದರೆ ದಂಡ. ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ತಕ್ಕಡಿಯ ಮುದ್ರೆ ನೋಡುವ ಇನ್ಸ್‌ಪೆಕ್ಟರ್‌ನ ಹಳೆಯ ನೆಂಟ ಇವನು. ಅದೇ ಗ್ರಂಥ ನೌಕರರು ಹಣ ಹೊಡೆಯುವ ನಲವತ್ತು ದಾರಿಗಳನ್ನೂ ಲೆಕ್ಕ ಹಾಕಿಟ್ಟಿದೆ. ನನ್ನ ಸೊಸೆಯ ಪ್ರಶ್ನೆ ಆಗಲೇ ಹಳೆಯದಾಗಿತ್ತು!

"ಮತ್ತೆ ಅವರನ್ನ ಯಾರು ಚೆಕ್ ಮಾಡ್ತಿದ್ರು?" ಅಂದಳು. ಒಳ್ಳೆಯ ಪ್ರಶ್ನೆ.

ಬಹಳಷ್ಟು ದಾನಶಾಸನಗಳ ಕೊನೆಗೆ ಶಾಪಾಶಯ ಇರುತ್ತದೆ. ಇದನ್ನು ಕೆಡಿಸಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುತ್ತಾನೆ ಅನ್ನುವ ಬಗೆಯದು. ನಾವು ಅದನ್ನು ಧರ್ಮಶ್ರದ್ಧೆ ಎಂದು ಓದಿ ಮುಂದೆ ಹೋಗುತ್ತೇವೆ. ನನಗೆ ಕಾಣುವುದು ಬೇರೆ. ರಾಜ ಬದಲಾದಾಗ, ಹೊಸ ಅಧಿಕಾರಿ ಬಂದಾಗ ಈ ದಾನವನ್ನು ಕಾಯುವವರು ಯಾರೂ ಇಲ್ಲ ಅನ್ನುವ ಭಯ ಆ ಸಾಲುಗಳಲ್ಲಿದೆ. ತಪಾಸಣೆ ತಲುಪದ ಕಡೆ ಶಾಪವನ್ನು ಕಾವಲಿಗೆ ನಿಲ್ಲಿಸಿದ್ದಾರೆ.

ಶಾಪಕ್ಕಿಂತ ಗಟ್ಟಿ ವ್ಯವಸ್ಥೆ ಬೇಕೆಂದರೆ ಕಂಚಿಯ ಹತ್ತಿರದ ಉತ್ತರಮೇರೂರಿನ ಕಲ್ಲು ನೋಡಬೇಕು. ದೊಮ್ಮಲೂರು, ಹಲಸೂರು ಕಡೆಯ ತಮಿಳು ಶಾಸನಗಳನ್ನು ಓದುವವರಿಗೆ ಅದು ದೂರದ ಊರಲ್ಲ. ಪರಾಂತಕ ಚೋಳನ ಕಾಲದ, 919 ಮತ್ತು 921ರ ಆ ಶಾಸನಗಳಲ್ಲಿ ಕೆರೆ, ತೋಟ, ಚಿನ್ನದ ವಾರಿಯಗಳಿಗೆ, ಅಂದರೆ ಸಮಿತಿಗಳಿಗೆ, ಸದಸ್ಯರನ್ನು ಆರಿಸುವ ನಿಯಮಗಳಿವೆ. ಎರಡನೆಯದರ ಪ್ರಕಾರ ವಯಸ್ಸು 35ರಿಂದ 70. ತೆರಿಗೆ ಕಟ್ಟುವ ಸ್ವಂತ ಭೂಮಿ ಇರಬೇಕು. ಹಿಂದೆ ಯಾವುದಾದರೂ ವಾರಿಯದಲ್ಲಿದ್ದು ಲೆಕ್ಕ ಒಪ್ಪಿಸದವನು ಬರುವಂತಿಲ್ಲ. ಅವನ ಹತ್ತಿರದ ನೆಂಟರೂ ಬರುವಂತಿಲ್ಲ. ಓಲೆಯಲ್ಲಿ ಹೆಸರು ಬರೆದು ಕೊಡಕ್ಕೆ ಹಾಕಿ ಮಗುವಿನ ಕೈಲಿ ಎತ್ತಿಸುತ್ತಿದ್ದರು. ಈಗ ಕೇಂದ್ರದ ಇನ್ಸ್‌ಪೆಕ್ಟರ್‌ಗಳು ವರ್ಷಕ್ಕೊಮ್ಮೆ ತಮ್ಮ ಸ್ಥಿರಾಸ್ತಿಯ ವಿವರ ಸಲ್ಲಿಸಬೇಕು. ನೆಂಟರನ್ನೂ ಸೇರಿಸಿ ಹೊರಗಿಟ್ಟ ಉತ್ತರಮೇರೂರಿನ ಸಭೆ ಇದಕ್ಕಿಂತ ಕಟುವಾಗಿತ್ತು ಅನ್ನಿಸುತ್ತದೆ.

ನೆರಳಿಗೆ ಬಂದು ಕೂತೆವು. ಬಿ.ಎಲ್. ರೈಸ್ ಬಗ್ಗೆ ಹೇಳಿದೆ. ನಾವೆಲ್ಲ ಅವರನ್ನು ಶಾಸನ ಪಿತಾಮಹ ಅಂತೀವಿ, ಆದರೆ ಅವರ ನೌಕರಿಯ ಮೊದಲ ದಿನಗಳನ್ನು ಮರೀತೀವಿ. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು, ಪಾದ್ರಿಯ ಮಗ. 1860ರ ದಶಕದಲ್ಲಿ ಮೈಸೂರು ಮತ್ತು ಕೊಡಗಿಗೆ ಶಾಲಾ ಇನ್ಸ್‌ಪೆಕ್ಟರ್. ಶಾಲೆ ನೋಡಲು ಹಳ್ಳಿ ಹಳ್ಳಿ ಸುತ್ತುವಾಗ ಕಂಡ ಕಲ್ಲುಗಳೇ ಅವರನ್ನು ಹಿಡಿದವು. 1879ರಲ್ಲಿ 'ಮೈಸೂರ್ ಇನ್‌ಸ್ಕ್ರಿಪ್ಷನ್ಸ್', ಆಮೇಲೆ ಪುರಾತತ್ವ ಇಲಾಖೆ, 1906ರಲ್ಲಿ ನಿವೃತ್ತಿ. ಆ ಹೊತ್ತಿಗೆ ಸಂಗ್ರಹ ಒಂಬತ್ತು ಸಾವಿರದ ಹತ್ತಿರ. ಅವರ ಓದಿನಲ್ಲಿ ತಪ್ಪುಗಳಿವೆ, ಮುಂದಿನವರು ತಿದ್ದಿದ್ದಾರೆ. ಆದರೆ ಎಷ್ಟೋ ಕಲ್ಲುಗಳು ಇವತ್ತು ಜಾಗದಲ್ಲಿಲ್ಲ. ಅವರು ಮತ್ತು ಅವರ ಸಿಬ್ಬಂದಿ ಬರೆದುಕೊಂಡದ್ದೇ ಉಳಿದಿದೆ. ಯಾವ ತಾಲ್ಲೂಕು, ಯಾವ ಊರು, ಗುಡಿಯ ಯಾವ ಗೋಡೆ ಎಂದು ಬರೆಯುವ ಆ ಕ್ರಮ ನನಗಂತೂ ಒಳ್ಳೆಯ ಇನ್ಸ್‌ಪೆಕ್ಷನ್ ರಿಪೋರ್ಟಿನ ಹಾಗೇ ಕಾಣುತ್ತದೆ.

ಆಮೇಲೆ ಅವಳಿಗೆ ಇನ್ನೊಂದು ವಿಷಯ ಹೇಳಿದೆ, ಮನೆಯಲ್ಲಿ ಯಾರಿಗೂ ಹೇಳದ್ದು. ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಂದು ಗೋದಾಮಿನಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆದಿದ್ದೆ. ಮೇಲಿನವರು "ಸ್ವಲ್ಪ ತಿದ್ದಿ ಬರೆದುಕೊಡಿ" ಅಂದರು. ಬರೆದುಕೊಟ್ಟೆ. ದುಡ್ಡು ಮುಟ್ಟಲಿಲ್ಲ. ಆದರೆ ಆ ಮೊದಲ ಹಾಳೆಯನ್ನು ನಾನೇ ಹರಿದೆ. ಕಲ್ಲಿನಲ್ಲಿ ಅಕ್ಷರ ಕೆತ್ತಿ ತೆಗೆದರೆ ಅಲ್ಲಿ ಗುಳಿ ಕಾಣುತ್ತದೆ, ಏನೋ ಇತ್ತು ಎಂದು ನಮ್ಮಂಥವರು ಹುಡುಕುತ್ತೇವೆ. ಆ ಫೈಲಿನಲ್ಲಿ ಯಾರಿಗೂ ಏನೂ ಕಾಣುವುದಿಲ್ಲ. ಅದಾದ ಮೇಲೆ ಮತ್ತೆ ತಿದ್ದಲಿಲ್ಲ. ಎರಡು ಸಲ ವರ್ಗಾವಣೆ ಆಯಿತು, ಅದರಿಂದ ಸಾಯಲಿಲ್ಲ.

ಅವಳು ತುಂಬ ಹೊತ್ತು ಸುಮ್ಮನಿದ್ದಳು. "ಆಗ ಯಾಕೆ ತಿದ್ದಿದ್ರಿ ಮಾಮ?" ಅಂದಳು.

"ಹೆದರಿಕೆ ಕಣಮ್ಮ. ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ."

ದೊಮ್ಮಲೂರಿನಲ್ಲೇ, ಹಳೆ ವಿಮಾನ ನಿಲ್ದಾಣ ರಸ್ತೆಯ ಬಿಎಂಟಿಸಿ ಕಟ್ಟಡದಲ್ಲಿ ಬೆಂಗಳೂರು ಪೂರ್ವ ಜಿಎಸ್‌ಟಿ ಆಯುಕ್ತಾಲಯವಿದೆ. ಗುಡಿಯಿಂದ ಅಲ್ಲಿಗೆ ನಡೆದುಕೊಂಡೇ ಹೋಗಬಹುದು. ಹೋದೆವು. ಭಾನುವಾರ, ಯಾರೂ ಇರಲಿಲ್ಲ. ಅವಳು ಹೊರಗಿನಿಂದಲೇ ಒಮ್ಮೆ ನೋಡಿ, ಫೋನ್ ತೆಗೆದು ಹೊತ್ತು ನೋಡಿದಳು. "ಹದಿನಾಲ್ಕು ನಿಮಿಷ ಮಾಮ. ಕಿಲೋಮೀಟರ್ ಆಗಿತ್ತೋ ಇಲ್ವೋ?"