ಕಾಬೂಲಿಗೆ ಬಂದ ನಾನಿಯ ಸಾವಿನ ಸುದ್ದಿ

ಬಾಬರ್ ಎಂದರೆ ಪಾಣಿಪತ್ ಯುದ್ಧ, ಫಿರಂಗಿ, 1526. ನಮ್ಮ ಪಠ್ಯಪುಸ್ತಕಗಳು ಕಲಿಸಿದ್ದು ಇಷ್ಟೇ. ಅದಕ್ಕೂ 21 ವರ್ಷ ಹಿಂದೆ ಒಂದು ಬೇಸಿಗೆಯಲ್ಲಿ ಅವನು ಕಾಬೂಲಿನಲ್ಲಿ ಸಾವಿನ ಮೇಲೆ ಸಾವು ಎದುರಿಸಿದ ಕಥೆಯನ್ನು ತಾನೇ ತುರ್ಕಿ ಭಾಷೆಯಲ್ಲಿ ಬರೆದಿಟ್ಟಿದ್ದಾನೆ.

1505ರ ಜೂನ್ ತಿಂಗಳು. ಕಾಬೂಲು ಕೈಗೆ ಬಂದು ವರ್ಷ ತುಂಬಿರಲಿಲ್ಲ. ಅವನಿಗೆ ಆಗ 22 ವರ್ಷ. ತಾಯಿ ಕುತ್ಲುಗ್ ನಿಗಾರ್ ಖಾನಂ ಜ್ವರ ಬಂದು ಮಲಗಿದರು. ಹಕೀಮರೊಬ್ಬರು ಖುರಾಸಾನಿನ ಪದ್ಧತಿಯಂತೆ ಕಲ್ಲಂಗಡಿ ಹಣ್ಣು ಕೊಟ್ಟು ನೋಡಿದರು. ಆರು ದಿನಗಳಲ್ಲಿ ಪ್ರಾಣ ಹೋಯಿತು. ಬೆಟ್ಟದ ತಪ್ಪಲಿನ ತೋಟವೊಂದರಲ್ಲಿ, ಅದರ ವಾರಸುದಾರರ ಅನುಮತಿ ಪಡೆದು, ಮಗ ತಾಯಿಯನ್ನು ಮಣ್ಣು ಮಾಡಿದ. (ಗೆದ್ದ ಊರಿನಲ್ಲಿ ದೊರೆಯೊಬ್ಬ ಆರಡಿ ಮೂರಡಿ ಜಾಗಕ್ಕೆ ಅನುಮತಿ ಕೇಳಿದ್ದು ಗಮನಿಸಬೇಕಾದ ಮಾತು.) ಆ ಶೋಕದ ದಿನಗಳಲ್ಲೇ ದೂರದಿಂದ ಇನ್ನೆರಡು ಸಾವಿನ ಸುದ್ದಿ ಬಂತು. ಒಂದು, ಸೋದರಮಾವ ಅಲಾಚಾ ಖಾನನದು. ಇನ್ನೊಂದು ತಾಯಿಯ ತಾಯಿ ಐಸಾನ್ ದೌಲತ್ ಬೇಗಮರದು. ಫರ್ಗಾನಾ ಆಗಲೇ ಶೈಬಾನಿ ಖಾನನ ಉಜ್ಬೇಕರ ಪಾಲಾಗಿತ್ತು. ನಾನಿಯ ಮಯ್ಯತ್ತಿಗೆ ಹೆಗಲು ಕೊಡುವ ಭಾಗ್ಯ ಮೊಮ್ಮಗನಿಗೆ ಇರಲಿಲ್ಲ.

ಈ ನಾನಿ ಮನೆಯ ಮೂಲೆಯಲ್ಲಿ ತಸ್ಬೀಹ್ ಎಣಿಸುತ್ತ ಕೂತ ಮುದುಕಿಯಲ್ಲ. ಮೊಗಲಿಸ್ತಾನದ ಯೂನುಸ್ ಖಾನನ ಬೇಗಂ. ಗಂಡ ಶತ್ರುವಿನ ಸೆರೆಯಲ್ಲಿದ್ದಾಗ ಆಕೆಯನ್ನು ಒಬ್ಬ ಸರದಾರನಿಗೆ ಕೊಟ್ಟುಬಿಟ್ಟರಂತೆ. ಆಕೆ ಸುಮ್ಮನೆ ಒಪ್ಪಿದಂತೆ ನಟಿಸಿ, ರಾತ್ರಿ ಅವನು ಒಳಬಂದಾಗ ದಾಸಿಯರಿಂದ ಕೊಲ್ಲಿಸಿ ಹೆಣವನ್ನು ಹೊರಗೆ ಎಸೆಸಿದರಂತೆ. ಇದನ್ನು ದಾಖಲಿಸಿದವನು ಆಕೆಯ ಇನ್ನೊಬ್ಬ ಮೊಮ್ಮಗ, ‘ತಾರೀಖೆ ರಶೀದಿ’ಯ ಮಿರ್ಜಾ ಹೈದರ್.

1494ರಲ್ಲಿ ಅಖ್ಸಿಯ ಕೋಟೆಯಲ್ಲಿ ಪಾರಿವಾಳದ ಗೂಡು ಕಂದಕಕ್ಕೆ ಕುಸಿದು ಬಾಬರನ ತಂದೆ ತೀರಿಕೊಂಡಾಗ ಹುಡುಗನಿಗೆ ಹನ್ನೆರಡು ನಡೆಯುತ್ತಿತ್ತು. ಆಡಳಿತ ಹಿಡಿದ ಹಸನ್ ಯಾಕೂಬ್, ಇವನನ್ನು ಇಳಿಸಿ ತಮ್ಮ ಜಹಾಂಗೀರನನ್ನು ಕೂರಿಸಲು ಸಂಚು ಹೂಡಿದ. ನಿಷ್ಠರಾದ ಸರದಾರರು ಬಂದು ಸೇರಿದ್ದು ನಾನಿಯ ಬಳಿ. ತೀರ್ಮಾನ ಅಲ್ಲೇ ಆಯಿತು. ಬೇಟೆಗೆ ಹೋಗಿದ್ದ ಹಸನ್ ಯಾಕೂಬ್ ಸುದ್ದಿ ತಿಳಿದು ಹಾಗೆಯೇ ಓಡಿಹೋದ. 1501ರಲ್ಲಿ ಸಮರ್ಕಂದ್ ಕೈಬಿಟ್ಟು ಮೊಮ್ಮಗ ರಾತ್ರೋರಾತ್ರಿ ಹೊರಟಾಗ ಹಿಂದೆ ಉಳಿದ ನಾನಿ, ಆಮೇಲೆ ಹಸಿದು ಬಡಕಲಾದ ಪರಿವಾರವನ್ನು ಕಟ್ಟಿಕೊಂಡು ದಿಖ್ಕತ್ ಎಂಬ ಬೆಟ್ಟದ ಹಳ್ಳಿಗೆ ಬಂದು ಅವನನ್ನು ಕೂಡಿಕೊಂಡರು.

ಅಂಥ ಆಸರೆ ಹೋಗಿತ್ತು. ತಾಯಿಯ ನಲವತ್ತನೆಯ ದಿನ ಹತ್ತಿರವಾಗುತ್ತಿದ್ದಂತೆ ಖುರಾಸಾನಿನಿಂದ ಬಂಧುಗಳು ಬಂದಿಳಿದರು: ನಾನಿಯ ಸವತಿ ಶಾಹ್ ಬೇಗಂ, ದೊಡ್ಡಮ್ಮ ಮೆಹರ್ ನಿಗಾರ್ ಖಾನಂ. ಅವರನ್ನು ಕಂಡೊಡನೆ ಅಳು ಮತ್ತೆ ಹೊಸದಾಯಿತು. ಕುರ್‌ಆನ್ ಪಾರಾಯಣ, ಬಡವರಿಗೆ ಊಟ, ಅಗಲಿದವರಿಗಾಗಿ ದುಆ, ಎಲ್ಲ ಮುಗಿಸಿ ಮನಸ್ಸು ಗಟ್ಟಿಮಾಡಿಕೊಂಡು ಬಾಬರ್ ಕಂದಹಾರದ ಕಡೆ ದಂಡು ಹೊರಡಿಸಿದ. ದೂರ ಹೋಗಲಿಲ್ಲ. ದಾರಿಯಲ್ಲೇ ವಿಚಿತ್ರ ಜ್ವರ. ಎಷ್ಟು ಎಬ್ಬಿಸಿದರೂ ಕಣ್ಣು ಮತ್ತೆ ಮುಚ್ಚಿಕೊಳ್ಳುತ್ತಿತ್ತು. ನಾಲ್ಕೈದು ದಿನ ಹೀಗೇ. ಅದೇ ಹೊತ್ತಿಗೆ ಕಾಬೂಲಿನಲ್ಲಿ ಭೂಕಂಪ, ಒಂದೇ ದಿನ 33 ಸಲ. ಆ ನಿದ್ದೆಗೂ ಸಾವುಗಳಿಗೂ ಅವನು ಸಂಬಂಧ ಹಚ್ಚಿಲ್ಲ. ಕಥೆ ಬರೆಯುವ ನನಗೆ ಹಚ್ಚಬೇಕೆನಿಸುತ್ತದೆ, ಇತಿಹಾಸಕಾರರು ಒಪ್ಪಬೇಕಾಗಿಲ್ಲ.

ಉಳಿದ ಅಜ್ಜಿಗೆ ಅವನು ಕಾಬೂಲಿನ ಉತ್ತಮ ಹಳ್ಳಿಗಳಲ್ಲೊಂದಾದ ಪಮ್ಗಾನನ್ನು ಕೊಟ್ಟ. ಅದೇ ಶಾಹ್ ಬೇಗಂ, ಅವನು ಹೆರಾತಿಗೆ ಹೋಗಿದ್ದಾಗ, ತನ್ನ ಮಗಳ ಮಗ ಮಿರ್ಜಾ ಖಾನನನ್ನು ಕಾಬೂಲಿನ ಗಾದಿಗೇರಿಸುವ ದಂಗೆಗೆ ಬೆಂಬಲವಾದರು. 1507ರ ಆ ಚಳಿಗಾಲದಲ್ಲಿ ಬಾಬರ್ ಹಿಮ ತುಳಿದು ಬಂದು ದಂಗೆ ಅಡಗಿಸಿದ. ನೇರವಾಗಿ ಹೋದದ್ದು ಆಕೆಯ ಕೋಣೆಗೆ. ಆಕೆ ನಾಚಿ ಮಾತು ಬರದೆ ಕೂತಿದ್ದರು, ತಾನು ಹಿಂದಿನ ಮರ್ಯಾದೆಯಲ್ಲೇ ನಡೆದುಕೊಂಡೆ ಎಂದಷ್ಟೇ ಅವನು ಬರೆಯುತ್ತಾನೆ. ಹೈದರ್ ಇನ್ನೂ ಹೆಚ್ಚು ಹೇಳುತ್ತಾನೆ: ತಾಯಿಯ ಪ್ರೀತಿ ಇನ್ನೊಂದು ಮಗುವಿಗೆ ಸಂದರೆ ಮುನಿಯುವುದೇಕೆ ಎಂದು ಸಮಾಧಾನ ಹೇಳಿ, ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದ ಬಾಬರ್ ಆಕೆಯ ಮಡಿಲಿಗೆ ತಲೆಯಿಟ್ಟು ಮಲಗಿದನಂತೆ. ದಂಗೆಕೋರರಲ್ಲಿ ಹೈದರನ ತಂದೆಯೂ ಇದ್ದುದರಿಂದ ಈ ಮಾತಿಗೆ ಸ್ವಲ್ಪ ಬೆಣ್ಣೆ ಸವರಿರಬಹುದು. ಹಾಗೆಂದು ಬಾಬರ್ ನೋವು ಮರೆತವನಲ್ಲ. ತನ್ನ ತಾಯಿಯೂ ಯೂನುಸ್ ಖಾನನ ಮಗಳೇ ಅಲ್ಲವೇ, ತಾವು ಕಷ್ಟದಲ್ಲಿದ್ದಾಗ ಈ ಬಳಗ ಒಂದು ಹಳ್ಳಿಯನ್ನಾದರೂ ಕೊಟ್ಟಿತ್ತೇ ಎಂಬ ಕಹಿಯನ್ನು ಅವನು ಮುಚ್ಚಿಡಲಿಲ್ಲ.

ಆತ್ಮಕಥೆಯಲ್ಲಿ ನಾನಿಯ ಸಾವಿಗೆ ಅವನು ಕೊಟ್ಟಿದ್ದು ಅರ್ಧ ವಾಕ್ಯ. ಹೊಗಳಿಕೆ ಅಲ್ಲಿಲ್ಲ. ಬುದ್ಧಿಯಲ್ಲಿ, ಮುಂದಾಲೋಚನೆಯಲ್ಲಿ ಆಕೆಯನ್ನು ಹೋಲುವ ಹೆಂಗಸರು ವಿರಳ, ಹೆಚ್ಚಿನ ಕೆಲಸಗಳು ಆಕೆಯ ಸಲಹೆಯಂತೆಯೇ ನಡೆಯುತ್ತಿದ್ದವು ಎಂಬ ಮಾತು ಇರುವುದು 1494ರ ಪುಟದಲ್ಲಿ, ಹಸನ್ ಯಾಕೂಬನ ಸಂಚಿನ ನಡುವೆ.