ಪಾಠ ಸಿಕ್ಕಿತು, ತಿದ್ದುವವರು ಯಾರು?

ಅಂಕಿಅಂಶ ಶಾಸ್ತ್ರ ಕಲಿತೇ ತೀರುತ್ತೇನೆ ಅಂತ ಆನ್‌ಲೈನ್ ಕೋರ್ಸಿಗೆ ಸೇರಿ, ಮೂರನೇ ವಾರಕ್ಕೆ ಕೈಬಿಟ್ಟವರಲ್ಲಿ ನಾನೂ ಒಬ್ಬ. ಆರಂಭಶೂರ! :) ಯಾಕೆ ಹೀಗಾಯ್ತು ಅಂತ ಯೋಚಿಸುತ್ತಾ ಈ ದೂರದ ಪಾಠಗಳ ಇತಿಹಾಸ ಕೆದಕಿದೆ.

ಇದು ಶುರುವಾಗಿದ್ದು ಕಂಪ್ಯೂಟರಿನಿಂದಲ್ಲ, ಅಂಚೆಯಿಂದ. 1840ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಪೆನ್ನಿಯ ಅಂಚೆ ಬಂತು. ಐಸಾಕ್ ಪಿಟ್‌ಮನ್ ತನ್ನ ಶಾರ್ಟ್‌ಹ್ಯಾಂಡನ್ನು ಅಂಚೆಯಲ್ಲೇ ಕಲಿಸತೊಡಗಿದ. ವಿದ್ಯಾರ್ಥಿ ಬರೆದು ಕಳಿಸಿದ್ದು ತಿದ್ದಿಸಿಕೊಂಡು ವಾಪಸ್ ಬರುತ್ತಿತ್ತು. ಇದರ ಜೀವಾಳ ಪಾಠವಲ್ಲ, ಆ ತಿದ್ದುವಿಕೆ.

2001ರಲ್ಲಿ ಅಮೆರಿಕದ ಎಂಐಟಿ ತನ್ನ ಪಾಠಗಳನ್ನೆಲ್ಲ ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಕೊಡುವುದಾಗಿ ಹೇಳಿತು. 2003ರಲ್ಲಿ ನಮ್ಮ ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ಎನ್‌ಪಿಟೆಲ್ ಆರಂಭಿಸಿದವು. ಪಾಠವೇನೋ ಮನೆಗೇ ಬಂತು. ಆದರೆ ನಾವು ಮಾಡಿದ ಲೆಕ್ಕ ಸರಿಯೋ ತಪ್ಪೋ ಹೇಳುವವರಿರಲಿಲ್ಲ.

2011ರಲ್ಲಿ ಸ್ಟ್ಯಾನ್‌ಫರ್ಡ್‌ನ ಸೆಬಾಸ್ಟಿಯನ್ ಥ್ರುನ್ ಮತ್ತು ಪೀಟರ್ ನಾರ್ವಿಗ್ ಕೃತಕ ಬುದ್ಧಿಮತ್ತೆಯ ಕೋರ್ಸನ್ನು ಎಲ್ಲರಿಗೂ ತೆರೆದರು. ಸೇರಿದವರು ಸುಮಾರು 1,60,000! ಮುಗಿಸಿದವರು 20 ಸಾವಿರಕ್ಕಿಂತ ತುಸು ಹೆಚ್ಚು. ಅದೇ ವರ್ಷ ಆಂಡ್ರ್ಯೂ ಎನ್‌ಜಿ ಮಶೀನ್ ಲರ್ನಿಂಗ್ ಕಲಿಸಿದರು. ಮರುವರ್ಷ ಕೋರ್ಸೆರಾ, ಎಡ್‌ಎಕ್ಸ್ ಎರಡೂ ಹುಟ್ಟಿದವು. ಗುಟ್ಟೇನು ಗೊತ್ತಾ? ಈ ವಿಷಯಗಳಲ್ಲಿ ಉತ್ತರ ಒಂದು ಅಂಕಿ, ಇಲ್ಲವೇ ಒಂದು ಪ್ರೋಗ್ರಾಮ್. ಲಕ್ಷ ಜನರದ್ದಾದರೂ ಯಂತ್ರವೇ ತಿದ್ದಬಹುದು. ಪಿಟ್‌ಮನ್ನನ ಕೆಲಸ ಕಂಪ್ಯೂಟರಿಗೆ ಬಂತು.

ತೊಡಕಿರುವುದೂ ಇಲ್ಲೇ. ಹತ್ತು ಜನಕ್ಕೆ ತಲಾ 20 ಸಾವಿರ ಸಂಬಳ, ಹನ್ನೊಂದನೆಯವನಿಗೆ 10 ಲಕ್ಷ ಅನ್ನಿ. ಸರಾಸರಿ ಸುಮಾರು 1 ಲಕ್ಷ 9 ಸಾವಿರ. ಯಂತ್ರ 'ಸರಿ' ಅನ್ನುತ್ತೆ. ಆದರೆ ಇಲ್ಲಿ ಸರಾಸರಿ ತೆಗೆದದ್ದೇ ದಡ್ಡತನ ಅಂತ ಹೇಳಲು ಒಬ್ಬ ಮೇಷ್ಟ್ರು ಬೇಕು. 2014ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಕೋರ್ಸೆರಾದಲ್ಲಿ ತಂದ ಡೇಟಾ ಸೈನ್ಸ್ ಸರಣಿಯಲ್ಲಿ ಪ್ರಾಜೆಕ್ಟುಗಳನ್ನು ಸಹಪಾಠಿಗಳೇ ಪರಸ್ಪರ ತಿದ್ದಬೇಕಿತ್ತು. ಕುರುಡ ಕುರುಡನಿಗೆ ದಾರಿ ತೋರಿಸಿದಂತೆ ಅನ್ನಿಸಬಹುದು, ಆದರೂ ಮನುಷ್ಯ ಓದಿದ ಸಮಾಧಾನ. ಎನ್‌ಪಿಟೆಲ್ ಕೂಡ 2014ರಿಂದ ಸರ್ಟಿಫಿಕೇಟು ಕೊಡಲಾರಂಭಿಸಿತು: ಪಾಠ ಬಿಟ್ಟಿ, ಪರೀಕ್ಷೆಗೆ ಮಾತ್ರ ಶುಲ್ಕ ಕಟ್ಟಿ ಕೇಂದ್ರಕ್ಕೇ ಹೋಗಿ ಬರೆಯಬೇಕು.

ನಾನು ಸೋತದ್ದು ಪಾಠ ಸಿಗದೆ ಅಲ್ಲ, 'ಯಾಕಪ್ಪಾ ಹೀಗೆ ಮಾಡಿದೆ?' ಅಂತ ಕೇಳುವವರು ಸಿಗದೆ. ಮುಂದಿನ ಸಲ ಗೆಳೆಯನೊಬ್ಬನನ್ನೂ ಜೊತೆಗೆ ಎಳೆದುಕೊಂಡೇ ಸೇರುತ್ತೇನೆ. ನಿಮ್ಮಲ್ಲಿ ಪೂರ್ತಿ ಮುಗಿಸಿದವರಿದ್ದೀರಾ? ನಿಮ್ಮ ತಪ್ಪುಗಳನ್ನು ಯಾರು ತಿದ್ದಿದರು?