ನಾಮಿನಿ ಎಂದರೆ ವಾರಸುದಾರರೇ?



ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಜೋಪಾನವಾಗಿ ಇಟ್ಟಿರುವ ಜೀವ ವಿಮೆಯ ಬಾಂಡನ್ನು ಒಮ್ಮೆ ಹೊರಗೆ ತೆಗೆಯಿರಿ. ಕಂತೆಷ್ಟು, ಕೊನೆಗೆ ಬರುವುದೆಷ್ಟು ಎಂಬುದನ್ನು ಬಿಟ್ಟರೆ ಉಳಿದದ್ದನ್ನು ನಾವು ಓದುವುದೇ ಇಲ್ಲ. ಅಲ್ಲಿನ ಪದಗಳಿಗೂ ಒಂದು ಚರಿತ್ರೆ ಇದೆ.

'ಪ್ರೀಮಿಯಂ' ಎಂಬ ಕಂತನ್ನೇ ನೋಡಿ. 1818ರಲ್ಲಿ ಕಲ್ಕತ್ತೆಯಲ್ಲಿ ಓರಿಯಂಟಲ್ ಲೈಫ್ ಕಂಪನಿ ಶುರುವಾದದ್ದು ಯುರೋಪಿಯನ್ನರಿಗಾಗಿ. ಮುಂದೆ ಭಾರತೀಯರಿಗೆ ಪಾಲಿಸಿ ಕೊಟ್ಟಾಗಲೂ ವಿದೇಶಿ ಕಂಪನಿಗಳು ಹೆಚ್ಚಿನ ಕಂತು ಕೇಳುತ್ತಿದ್ದವು. ನಮ್ಮ ಜೀವದ ಮೇಲೆ ಅವರಿಗೆ ಅಷ್ಟೇ ಭರವಸೆ! 1870ರಲ್ಲಿ ಮುಂಬಯಿಯ ಬಾಂಬೆ ಮ್ಯೂಚುವಲ್ ನಮ್ಮವರಿಗೂ ಸಾಮಾನ್ಯ ದರದಲ್ಲೇ ವಿಮೆ ಕೊಟ್ಟಿತು. 1891ರಲ್ಲಿ ಮೈಸೂರು ಸಂಸ್ಥಾನ ತನ್ನ ನೌಕರರಿಗೆ ವಿಮೆ ಆರಂಭಿಸಿತು. ಊರಿನಲ್ಲಿ ಸರ್ಕಾರಿ ನೌಕರಿಯಲ್ಲಿರುವ ನಿಮ್ಮ ಅಣ್ಣನ ಸಂಬಳದಲ್ಲಿ 'ಕೆ.ಜಿ.ಐ.ಡಿ.' ಎಂದು ಮುರಿದುಕೊಳ್ಳುತ್ತಾರಲ್ಲ, ಅದರ ಮೂಲ ಇದೇ.

'ಸಮ್ ಅಶ್ಯೂರ್ಡ್', ಅಂದರೆ ವಿಮಾ ಮೊತ್ತ. ಇದರ ಕಥೆಯಲ್ಲಿ ನಮ್ಮ ರೇಡಿಯೋ ಕೂಡ ಬರುತ್ತದೆ. 1956ರ ಜನವರಿ 19ರಂದು ಹಣಕಾಸು ಮಂತ್ರಿ ಸಿ.ಡಿ. ದೇಶಮುಖ್ ಆಕಾಶವಾಣಿಯಲ್ಲೇ ಜೀವ ವಿಮೆಯ ರಾಷ್ಟ್ರೀಕರಣವನ್ನು ಪ್ರಕಟಿಸಿದರು. 245 ಸಂಸ್ಥೆಗಳು ಸೇರಿ ಸೆಪ್ಟೆಂಬರ್ 1ಕ್ಕೆ ಎಲ್.ಐ.ಸಿ. ಆಯಿತು. ಅದರ ಪಾಲಿಸಿಗಳ ವಿಮಾ ಮೊತ್ತಕ್ಕೂ ಘೋಷಿಸಿದ ಬೋನಸ್ಸಿಗೂ ಕೇಂದ್ರ ಸರ್ಕಾರದ ಖಾತರಿ ಉಂಟೆಂದು ಆ ಕಾಯ್ದೆಯ 37ನೇ ಕಲಮು ಹೇಳುತ್ತದೆ. ಖಾಸಗಿ ಕಂಪನಿಗಳ ಪಾಲಿಸಿಗೆ ಈ ಖಾತರಿ ಇಲ್ಲ.

ಇನ್ನು 'ನಾಮಿನಿ'. ಮನೆ ಮುರಿಯುವ ಪದ ಇದೇ.

1938ರ ವಿಮಾ ಕಾಯ್ದೆಯ 39ನೇ ಕಲಮು ನಾಮಿನಿಯನ್ನು ಹೆಸರಿಸಲು ಅವಕಾಶ ಕೊಟ್ಟಿತು. ಆದರೆ ಹಣ ಪಡೆದವರೇ ಅದರ ಒಡೆಯರೋ? ಉಯಿಲು ಬರೆಯದೆ ತೀರಿಕೊಂಡ ಒಬ್ಬರು ಹೆಂಡತಿಯನ್ನು ನಾಮಿನಿ ಮಾಡಿದ್ದರು. ಅವರ ತಾಯಿ ಪಾಲು ಕೇಳಿದರು. ನಾಮಿನಿ ಹಣವನ್ನು ಕೈಗೆ ಪಡೆಯುವವರು ಮಾತ್ರ, ಅದು ಎಲ್ಲ ವಾರಸುದಾರರಿಗೂ ಸೇರಬೇಕು ಎಂದು 1983ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 2015ರ ತಿದ್ದುಪಡಿ, ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾದರೆ ಹಣದ ಲಾಭ ಅವರಿಗೇ ಎಂದಿತು. ಅಲ್ಲಿಗೆ ಮುಗಿಯಿತೇ? ಇಲ್ಲ. ಮದುವೆಗೆ ಮುಂಚೆ ತಾಯಿಯ ಹೆಸರು ಬರೆಸಿದ್ದ ಒಬ್ಬರು, ಮದುವೆಯಾಗಿ ಮಗುವಾದ ಮೇಲೂ ಅದನ್ನು ಬದಲಿಸದೆ 2019ರಲ್ಲಿ ತೀರಿಕೊಂಡರು. ಈ ಬಾರಿ ಕೋರ್ಟಿನಲ್ಲಿ ಪಾಲು ಕೇಳಿದ್ದು ಸೊಸೆ. 2025ರಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ ತಾಯಿ, ಹೆಂಡತಿ, ಮಗುವಿಗೆ ಮೂರರಲ್ಲಿ ಒಂದೊಂದು ಪಾಲು ಹಂಚಿತು. ಅತ್ತೆ ಸೊಸೆ ಇಬ್ಬರದೂ ಸುಳ್ಳಲ್ಲ. ಬರೆದಿಡಬೇಕಾದವರು ಬರೆದಿಡಲಿಲ್ಲ, ಅಷ್ಟೇ.

ನಮ್ಮಲ್ಲಿ ಅನೇಕರು ಮೊದಲ ನೌಕರಿ ಸಿಕ್ಕು ಈ ಊರಿಗೆ ಬಂದಾಗ, ಬ್ರಹ್ಮಚಾರಿಗಳಾಗಿದ್ದಾಗಲೇ ಪಾಲಿಸಿ ಮಾಡಿಸಿದವರು. ಪಾಲಿಸಿ ಮುಗಿಯುವ ಮುನ್ನ ಯಾವಾಗ ಬೇಕಾದರೂ ನಾಮಿನಿಯನ್ನು ಬದಲಾಯಿಸಬಹುದು. ಕಂಪನಿಗೆ ಲಿಖಿತವಾಗಿ ತಿಳಿಸಬೇಕು. ಜೊತೆಗೊಂದು ಉಯಿಲೂ ಇದ್ದರೆ ಒಳ್ಳೆಯದು. ಬಾಂಡು ಹೇಗೂ ಹೊರಗಿದೆಯಲ್ಲ, ನಾಮಿನಿ ಎಂಬ ಸಾಲಿನಲ್ಲಿ ಯಾರ ಹೆಸರಿದೆ ನೋಡಿ.